ಕಸಬರಿಗೆ ಗುಡಿಸಿದ ಹೆಸರುಗಳು

ಈ ಸಲ ಆಯುಧ ಪೂಜೆಯ ಹಿಂದಿನ ದಿನ ಆನೇಕಲ್ಲಿನ ತರಕಾರಿ ಅಂಗಡಿಯೊಂದಕ್ಕೆ ಚೆಂಡು ಹೂವು ತರಲು ಹೋಗಿದ್ದೆ. ಒಳಗೆ ಕಾಲಿಡಲು ಜಾಗವಿರಲಿಲ್ಲ. ಬಾಗಿಲಲ್ಲೇ ಬೂದುಗುಂಬಳದ ರಾಶಿ, ಅದಕ್ಕೆ ಒರಗಿಸಿದ ಬಾಳೆಕಂದು, ಮೂಲೆಯಲ್ಲಿ ಮೂಟೆ ಬಿಚ್ಚಿ ಸುರಿದ ಹೂವು. ಮಳೆಯಲ್ಲಿ ನೆನೆದ ಚೆಂಡು ಹೂವಿಗೆ ಒಂದು ಒಗರು ವಾಸನೆ ಇರುತ್ತದೆ. ಮುಟ್ಟಿದ ಕೈಯನ್ನು ಎಷ್ಟು ತೊಳೆದರೂ ಸಂಜೆಯತನಕ ಬಿಡುವುದಿಲ್ಲ. ತೂಕಕ್ಕೆ ನಿಂತಿದ್ದ ಹುಡುಗಿ ಹೊಸಬಳಿರಬೇಕು, ಅವಸರದಲ್ಲಿ ಏನೇನೋ ಗುಂಡಿ ಒತ್ತಿಬಿಟ್ಟಳು. ಯಂತ್ರದ ಪರದೆಯ ಮೇಲಿದ್ದ ತೂಕದ ಅಂಕಿ ಹೋಗಿ, ಸಣ್ಣ ಸಣ್ಣ ಇಂಗ್ಲಿಷ್ ಅಕ್ಷರಗಳ ಉದ್ದನೆಯ ಬರಹ ಬಂತು.

"ಅಯ್ಯೋ, ಇದೇನ್ ಬಂತು ಅಕ್ಕಾ?" ಅಂತ ಅವಳು ನನ್ನನ್ನೇ ಕೇಳಿದಳು. ನನ್ನ ಹಿಂದಿದ್ದವರು ಗಾಡಿ ರಸ್ತೆಯಲ್ಲೇ ನಿಲ್ಲಿಸಿ ಬಂದಿದ್ದೇನೆ, ಬೇಗ ಹಾಕಮ್ಮ ಅಂತ ಗೊಣಗುತ್ತಿದ್ದರು. ನಾನು ಪರದೆಯನ್ನೇ ನೋಡುತ್ತಿದ್ದೆ. ಆ ಪುಟ ನನಗೆ ಗೊತ್ತು. ಅದನ್ನು ಆ ಯಂತ್ರದೊಳಗೆ ಹಾಕಿದವಳು ನಾನು. ಹೂವಿನ ವಾಸನೆ ಮೂಗಿನಲ್ಲಿತ್ತು, ಆ ಪುಟ ಕಣ್ಣೆದುರಿಗಿತ್ತು, 2011ರ ಮಳೆಗಾಲ ಹೇಳದೆ ಕೇಳದೆ ಬಂದು ಮುಂದೆ ನಿಂತಿತು.

ಆಗ ನಾನು ಬೊಮ್ಮಸಂದ್ರದ ಒಂದು ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದೆ. ಅಂಗಡಿಗಳಲ್ಲಿ ಇಡುವ ಎಲೆಕ್ಟ್ರಾನಿಕ್ ತೂಕದ ಯಂತ್ರಗಳನ್ನು ಮಾಡುವ ಕಂಪನಿ. ಕೆಳಗೆ ಜೋಡಣೆ, ಮೇಲಿನ ಶೀಟಿನ ಮಹಡಿಯಲ್ಲಿ ನಮ್ಮ ಸಾಫ್ಟ್‌ವೇರ್ ವಿಭಾಗ. ಮಳೆ ಬಂದರೆ ಒಬ್ಬರ ಮಾತು ಒಬ್ಬರಿಗೆ ಕೇಳುತ್ತಿರಲಿಲ್ಲ. ಪಕ್ಕದ ಔಷಧದ ಕಾರ್ಖಾನೆಯಿಂದ ಕೊಳೆತ ಹಣ್ಣಿನಂಥ ಒಂದು ಗಬ್ಬು ಗಾಳಿ ಬರುತ್ತಿತ್ತು. ಮೊದಲ ವಾರ ತಲೆನೋವು, ಆಮೇಲೆ ಅದು ಇದೆ ಅನ್ನುವುದೇ ಮರೆತುಹೋಗುತ್ತಿತ್ತು.

ನಾನು ಜಿಗಣಿ ಪಕ್ಕದ ಹಳ್ಳಿಯವಳು. ಅಪ್ಪ ನೀರಿನ ಟ್ಯಾಂಕರ್ ಓಡಿಸುತ್ತಿದ್ದರು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳೂ ನಾನೇ ಮೊದಲು, ಇಂಜಿನಿಯರ್ ಆದವಳೂ ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಕನ್ನಡ ಶಾಲೆ, ಸರ್ಕಾರಿ ಪಾಲಿಟೆಕ್ನಿಕ್, ಅಲ್ಲಿಂದ ನೇರ ಎರಡನೇ ವರ್ಷದ ಬಿಇ. ಎಲೆಕ್ಟ್ರಾನಿಕ್ ಸಿಟಿಯ ಗಾಜಿನ ಕಟ್ಟಡಗಳಲ್ಲಿ ಇಂಟರ್‌ವ್ಯೂಗೆ ಹೋದರೆ ಮೊದಲು ಗುಂಪಿನಲ್ಲಿ ಕೂರಿಸಿ ಮಾತಾಡಿಸುತ್ತಿದ್ದರು. ನಾನು ತಲೆಯಲ್ಲಿ ಒಂದು ಇಂಗ್ಲಿಷ್ ವಾಕ್ಯ ಕಟ್ಟಿಕೊಳ್ಳುವಷ್ಟರಲ್ಲಿ ಉಳಿದವರ ಮಾತು ಬೇರೆ ಊರಿಗೇ ಹೋಗಿರುತ್ತಿತ್ತು. ಅಂಥ ಎಷ್ಟೋ ಕಡೆಯಿಂದ ವಾಪಸ್ ಬಂದ ಮೇಲೆ ನನಗೆ ಸಿಕ್ಕವರು ಪುಟ್ಟಸ್ವಾಮಿ ಸಾರ್, ಈ ಕಂಪನಿಯ ಸಾಫ್ಟ್‌ವೇರ್ ವಿಭಾಗದ ಮುಖ್ಯಸ್ಥರು. ಅವರು ಒಂದು ಪ್ರೋಗ್ರಾಮ್ ಮುಂದಿಟ್ಟು, "ಇದ್ರಲ್ಲಿ ತಪ್ಪೆಲ್ಲಿದೆ ಹುಡುಕಮ್ಮ. ಕನ್ನಡದಲ್ಲೇ ಹೇಳು, ಪರ್ವಾಗಿಲ್ಲ" ಅಂದರು. ನಾನು ಹುಡುಕಿದೆ. ಕೆಲಸ ಸಿಕ್ಕಿತು. ಅವರ ಬಗ್ಗೆ ಮುಂದೆ ಏನೇ ಬರೆದರೂ ಇದನ್ನು ಮೊದಲು ಬರೆಯಬೇಕು.

ಸೇರಿದ ಹೊಸದರಲ್ಲಿ ನನಗೆ ಕೆಲಸ ಕೊಡಲು ಯಾರಿಗೂ ಪುರುಸೊತ್ತಿರಲಿಲ್ಲ. ಸುಮ್ಮನೆ ಕೂರಲಾರದೆ ಕೋಡ್ ಫೈಲುಗಳನ್ನು ತೆರೆದು ಮೊದಲ ಸಾಲಿನಿಂದ ಓದುತ್ತಿದ್ದೆ. ಲೇಬಲ್ ಮೇಲೆ ಬಾರ್‌ಕೋಡ್ ಅಚ್ಚು ಹಾಕುವ ಒಂದು ಫೈಲಿನ ತಲೆಯ ಮೇಲೆ ಯಾರೋ ಹೊರದೇಶದವನ ಹೆಸರು, ಅದರ ಕೆಳಗೆ ಉದ್ದನೆಯ ಒಕ್ಕಣೆ ಇತ್ತು. ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಓದಿದೆ. ಇದು ನಿಮಗೆ ಉಪಯೋಗಕ್ಕೆ ಬಂದೀತು ಅನ್ನುವ ಆಸೆಯಿಂದ ಕೊಟ್ಟಿದ್ದು, ಆದರೆ ಖಾತರಿ ಏನೂ ಇಲ್ಲ. ಬಳಸಿ, ಬದಲಾಯಿಸಿ, ಬೇರೆಯವರಿಗೂ ಕೊಡಿ. ಕೊಡುವಾಗ ಈ ಒಕ್ಕಣೆಯನ್ನೂ ನೀವು ಮಾಡಿದ ಬದಲಾವಣೆಯನ್ನೂ ಜೊತೆಯಲ್ಲೇ ಕೊಡಿ. ಅಷ್ಟೇ ಅದರ ಸಾರ. ಓಪನ್ ಸೋರ್ಸ್ ಲೈಸೆನ್ಸ್ ಅನ್ನುವುದನ್ನು ನಾನು ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ. ಒಬ್ಬ ಮನುಷ್ಯ ನಿಜವಾಗಿ ಹಾಗೆ ಬರೆದು ಕೊಟ್ಟಿದ್ದನ್ನು ಕಂಡದ್ದು ಅವತ್ತೇ.

ನಮ್ಮ ವಿಭಾಗದಲ್ಲಿ ಆಯುಧ ಪೂಜೆ ಜೋರು. ಹಿಂದಿನ ದಿನ ಮೇಜು, ಕೀಬೋರ್ಡು, ಫ್ಯಾನಿನ ರೆಕ್ಕೆ ಎಲ್ಲಾ ಒರೆಸಬೇಕು. ಪುಟ್ಟಸ್ವಾಮಿ ಸಾರ್ ಇದಕ್ಕೆ ಇನ್ನೊಂದು ಸೇರಿಸಿದ್ದರು. ಮೇಜಿನ ಮೇಲಿನ ಧೂಳು ಒರೆಸಿ ಕೋಡಿನೊಳಗಿನ ಧೂಳು ಬಿಟ್ಟರೆ ಅದೇನು ಪೂಜೆ ಅಂತ ಅವರ ವಾದ. ಅದಕ್ಕೆಂದೇ ಒಂದು ಚಿಕ್ಕ ಪ್ರೋಗ್ರಾಮ್ ಬರೆದು 'ಕಸಬರಿಗೆ' ಅಂತ ಹೆಸರಿಟ್ಟಿದ್ದರು. ಅದನ್ನು ಓಡಿಸಿದರೆ ಪ್ರತಿ ಫೈಲಿನ ತಲೆಯ ಮೇಲಿರುವ ಹಳೇ ಟಿಪ್ಪಣಿಗಳೆಲ್ಲಾ ಹೋಗಿ, ಒಂದೇ ಅಳತೆಯ ಹೊಸ ಪಟ್ಟಿ ಬಂದು ಕೂರುತ್ತಿತ್ತು: ಕಂಪನಿಯ ಹೆಸರು, ಎಲ್ಲಾ ಹಕ್ಕು ನಮ್ಮದು ಎಂಬ ಸಾಲು. ಆ ವರ್ಷ ಹೊಸದಾಗಿ ಬಂದವರ ಕೈಯಲ್ಲಿ ಕಸಬರಿಗೆ ಹಿಡಿಸುವುದು ಸಂಪ್ರದಾಯ. ಸುತ್ತ ಎಲ್ಲರೂ ನಿಂತು ಚಪ್ಪಾಳೆ ತಟ್ಟುತ್ತಿದ್ದರು, ಆಮೇಲೆ ಖಾರಾಬೂಂದಿ, ಮೈಸೂರ್ ಪಾಕ್.

ನಾನು ಸೇರಿದ ವರ್ಷ ಸಾರ್ ನನ್ನ ಹೆಸರನ್ನೇ ಹೇಳಿದ್ದರು. ಆದರೆ ಸರಿಯಾಗಿ ಆ ದಿನಕ್ಕೆ ನಾನು ಮುಟ್ಟಾದೆ. ಮನೆಯಲ್ಲಿ ಅಮ್ಮ, "ಒರಗಾಗಿದ್ದೀಯ, ಪೂಜೆ ತಾವ್ಕೆ ಓಗ್ಬೇಡ" ಅಂದಳು. ಅವಳು ಹೇಳದಿದ್ದರೂ ನಾನು ಹೋಗುತ್ತಿರಲಿಲ್ಲ, ಹಾಗೇ ಬೆಳೆದವಳು. ಸಾರ್‌ಗೆ ಫೋನ್ ಮಾಡಿ, ಬರಲಾಗುವುದಿಲ್ಲ, ಪೂಜೆಗೆ ದೂರ ಅಂದೆ. ಅವರೂ ಹಳ್ಳಿಯವರು, ಮುಂದೆ ಕೇಳಲಿಲ್ಲ. ಕಸಬರಿಗೆ ಶರಣಪ್ಪನ ಕೈಗೆ ಹೋಯಿತು. ಶರಣಪ್ಪ ಲಿಂಗಸುಗೂರು ಕಡೆಯವನು, ನನಗಿಂತ ಸ್ವಲ್ಪ ತಡವಾಗಿ ಕಾಂಟ್ರಾಕ್ಟ್ ಮೇಲೆ ಸೇರಿದ್ದ. ಬೊಮ್ಮಸಂದ್ರದಲ್ಲಿ ಗಾರೆ ಕೆಲಸದ ತನ್ನ ಚಿಕ್ಕಪ್ಪಂದಿರ ಜೊತೆ ಒಂದೇ ಕೋಣೆಯಲ್ಲಿದ್ದ. ಅವರೂ ಅಷ್ಟೇ, ಮನೆಗೊಬ್ಬ ಓದಿದವನು ಅಂತ ಅವನ ಅಂಗಿಗೆ ಇಸ್ತ್ರಿ ಹಾಕಿ ಕಳಿಸುತ್ತಿದ್ದರು. ಹಬ್ಬ ಮುಗಿಸಿ ನಾನು ಬಂದಾಗ, "ಅಕ್ಕಾರ, ನಿಮ್ಮ ಪಾಲಿಂದ ಮೈಸೂರ್ ಪಾಕ್ ನಾನ ತಿಂದೇನ್ರಿ, ಸಿಟ್ಟ ಮಾಡಬ್ಯಾಡ್ರಿ" ಅಂದಿದ್ದ.

ಮುಂದಿನ ವರ್ಷ, ಗೌರಿ ಹಬ್ಬದ ಆಸುಪಾಸು, ಹೊರದೇಶದ ಒಬ್ಬ ದೊಡ್ಡ ಗಿರಾಕಿ ನಮ್ಮ ಯಂತ್ರ ಕೊಳ್ಳಲು ಮುಂದೆ ಬಂದ. ಕಂಪನಿಗೆ ಅಂಥ ಆರ್ಡರ್ ಅದೇ ಮೊದಲು. ಅವನು ಒಂದೇ ಪ್ರಶ್ನೆ ಕೇಳಿದ್ದ: ನಿಮ್ಮ ಯಂತ್ರದೊಳಗೆ ಯಾವ್ಯಾವ ಓಪನ್ ಸೋರ್ಸ್ ಸಾಫ್ಟ್‌ವೇರ್ ಇದೆ, ಯಾವ ಲೈಸೆನ್ಸಿನಲ್ಲಿದೆ? ಜನರಲ್ ಮ್ಯಾನೇಜರ್ ಮೂರ್ತಿ ಸಾರ್ ಆ ಕೆಲಸವನ್ನು ನನಗೆ ವಹಿಸಿದರು. ನಾವು ಕೋಡ್ ಬರೆಯುವ ಸಾಫ್ಟ್‌ವೇರಿನೊಳಗೇ ಲೈಸೆನ್ಸ್ ಹುಡುಕುವ ಪ್ಲಗಿನ್ ಎಂಬ ಪುಟ್ಟ ಪ್ರೋಗ್ರಾಮ್ ಜೋಡಿಸಿದೆ. ಅದು ಪ್ರತಿ ಫೈಲಿನ ತಲೆ ನೋಡಿಕೊಂಡು ಬಂದು, ಏನೂ ಸಿಗಲಿಲ್ಲ ಅಂದಿತು. ಒಂದೂ ಇಲ್ಲ. ಮೂರ್ತಿ ಸಾರ್‌ಗೆ ಖುಷಿ, "ಎಲ್ಲಾ ನಮ್ಮ ಸ್ವಂತದ್ದೇ ಅಂತ ಬರೆದು ಕಳಿಸೋಣ" ಅಂದರು.

ನನಗೆ ಆ ಬಾರ್‌ಕೋಡಿನವನು ನೆನಪಾದ. ಆ ಫೈಲ್ ತೆರೆದೆ. ತಲೆಯ ಮೇಲೆ ನಮ್ಮ ಕಂಪನಿಯ ಪಟ್ಟಿ, ಎಲ್ಲಾ ಹಕ್ಕು ನಮ್ಮದು. ಅವನ ಹೆಸರಿಲ್ಲ, ಒಕ್ಕಣೆಯಿಲ್ಲ.

ನನಗೇ ಭ್ರಮೆಯೋ ಅಂದುಕೊಂಡೆ. ತಲೆಯ ಟಿಪ್ಪಣಿ ಬಿಟ್ಟು ಕೋಡಿನ ಮೈಯನ್ನೇ ಹೊರಗಿನ ಓಪನ್ ಸೋರ್ಸ್ ಕೋಡಿನ ಜೊತೆ ಹೋಲಿಸಿ ನೋಡುವ ಇನ್ನೊಂದು ಬಗೆಯ ಸ್ಕ್ಯಾನ್ ಇತ್ತು, ಅದನ್ನು ಹಾಕಿದೆ. ತಾಳೆಯಾದ ಸಾಲುಗಳಿಂದ ಪರದೆ ಕೆಂಪಾಗುತ್ತಾ ಹೋಯಿತು. ಬಾರ್‌ಕೋಡ್, ಅಕ್ಷರ ಮೂಡಿಸುವ ಭಾಗ, ಪರದೆ ಮುಟ್ಟಿದ್ದನ್ನು ತಿಳಿಯುವ ಭಾಗ, ಎಲ್ಲಾ ಯಾರ್‍ಯಾರೋ ಬರೆದು ಬಿಟ್ಟಿದ್ದು. ತಪ್ಪು ಬಳಸಿದ್ದರಲ್ಲಿ ಇರಲಿಲ್ಲ, ಬಳಸಲೆಂದೇ ಅವರು ಕೊಟ್ಟಿದ್ದು. ಅವರ ಹೆಸರು ತೆಗೆದು ನಮ್ಮದು ಹಾಕಿಕೊಂಡಿದ್ದೆವು. ಹಿಂದಿನ ವರ್ಷದ ಬೇಸಿಗೆಯವರೆಗೆ ಈ ಫೈಲುಗಳು ಬೇರೆ ಕಡೆ, ಕಸಬರಿಗೆ ಮುಟ್ಟದ ಜಾಗದಲ್ಲಿ ಇದ್ದವು. ಆ ಬೇಸಿಗೆಯಲ್ಲಿ ಪುಟ್ಟಸ್ವಾಮಿ ಸಾರ್ ಅನುಕೂಲಕ್ಕೆಂದು ನಮ್ಮ ಫೈಲುಗಳ ಜೊತೆಗೇ ತಂದಿಟ್ಟಿದ್ದರು. ಕಸಬರಿಗೆಗೆ ನಮ್ಮದು ಯಾವುದು, ಅವರದು ಯಾವುದು ಅಂತ ಏನು ಗೊತ್ತು? ಬದಲಾವಣೆ ಯಾರದು ಅಂತ ನೋಡಿದರೆ ದಿನ ಆಯುಧ ಪೂಜೆಯ ಹಿಂದಿನದು, ಲಾಗಿನ್ ಶರಣಪ್ಪನದು.

ಅವನನ್ನು ಕಾಯಂ ಮಾಡುವ ಮಾತು ಅದೇ ತಿಂಗಳು ನಡೆದಿತ್ತು. ಊರಿನಲ್ಲಿ ಆಗಲೇ ಹೇಳಿಕೊಂಡು ಬಂದಿದ್ದ.

ಊಟದ ಹೊತ್ತಿಗೆ ಪುಟ್ಟಸ್ವಾಮಿ ಸಾರ್ ಮುಂದೆ ಕೂತು ಎಲ್ಲವನ್ನೂ ಹೇಳಿದೆ. ಮುದ್ದೆ ಮುರಿಯುತ್ತಿದ್ದವರು ಕೈ ನಿಲ್ಲಿಸಿದರು. ಅವರಿಗೆ ಒಂದೇ ಏಟಿಗೆ ಅರ್ಥವಾಯಿತು ಅಂತ ಮುಖದಲ್ಲೇ ಕಂಡಿತು. ಆಮೇಲೆ, ಮೊದಲನೇ ಸ್ಕ್ಯಾನಿನಲ್ಲಿ ಏನೂ ಸಿಗಲಿಲ್ಲವಲ್ಲ, ಅದನ್ನೇ ಕಳಿಸಿಬಿಡು ಅಂದರು. ಅದು ಸುಳ್ಳಾಗುತ್ತದೆ ಸಾರ್ ಅಂದೆ. ಅವರು ಡಬ್ಬಿಯ ಮುಚ್ಚಳ ಹಾಕಿದರು. "ಯೋಚ್ನೆ ಮಾಡ್ತೀನಿ ಬಿಡು" ಅಂದು ಎದ್ದುಹೋದರು.

ಮಾರನೇ ಬೆಳಿಗ್ಗೆ ಮಳೆ ಸುರಿಯುತ್ತಿತ್ತು. ಮೂರ್ತಿ ಸಾರ್ ಛತ್ರಿ ಮಡಚದೆಯೇ ನೇರ ನನ್ನ ಮೇಜಿಗೆ ಬಂದು, ಗಿರಾಕಿ ಮತ್ತೆ ಕೇಳಿದ್ದಾನೆ, ರಿಪೋರ್ಟ್ ಎಲ್ಲಿ ಅಂದರು. ಪುಟ್ಟಸ್ವಾಮಿ ಸಾರ್ ಎದುರಿನ ಮೇಜಿನಲ್ಲಿದ್ದರು, ತಲೆ ಎತ್ತಲಿಲ್ಲ. ನಾನು ಅವರನ್ನು ನೋಡಿದೆ, ಕಾದೆ. ಆಮೇಲೆ ಪರದೆಯನ್ನು ಮೂರ್ತಿ ಸಾರ್ ಕಡೆ ತಿರುಗಿಸಿ ಇದ್ದದ್ದನ್ನು ಇದ್ದ ಹಾಗೆ ತೋರಿಸಿದೆ.

ಅವರು ಕೇಳಿದ ಮೊದಲ ಪ್ರಶ್ನೆ ಇದನ್ನು ಸರಿಮಾಡುವುದು ಹೇಗೆ ಅಂತಲ್ಲ. ಯಾರು ಅಳಿಸಿದ್ದು ಅಂತ.

ಗಾಜಿನ ಕೋಣೆಯಲ್ಲಿ ಕೂತೆವು. ಮೂರ್ತಿ ಸಾರ್, ಎಚ್‌ಆರ್ ಮೇಡಂ, ಪುಟ್ಟಸ್ವಾಮಿ ಸಾರ್, ನಾನು. ಶರಣಪ್ಪನನ್ನು ಕರೆಸಿ ನಿಲ್ಲಿಸಿಯೇ ಮಾತಾಡಿಸಿದರು. ಅವನಿಗೆ ಏನಾಗಿದೆ ಅನ್ನುವುದೇ ತಿಳಿಯಲಿಲ್ಲ. "ಪೂಜಿಗಂತ ಓಡ್ಸು ಅಂದ್ರು, ಓಡ್ಸಿದ್ನಿರಿ ಸರ. ಎಲ್ಲಾರೂ ಚಪ್ಪಾಳಿ ಹೊಡದ್ರಲ್ರಿ" ಅಂದ. ನಗಲು ನೋಡಿದ, ಯಾರೂ ನಗದಿದ್ದುದನ್ನು ಕಂಡು ಕೈ ಕಟ್ಟಿ ನಿಂತ. ಮೂರ್ತಿ ಸಾರ್ ದಾರಿ ಹುಡುಕಿಯಾಗಿತ್ತು. ಕಾಂಟ್ರಾಕ್ಟಿನವನೊಬ್ಬ ತಿಳಿಯದೆ ಮಾಡಿದ, ಅವನನ್ನು ಕೆಲಸದಿಂದ ತೆಗೆದಿದ್ದೇವೆ ಅಂತ ಗಿರಾಕಿಗೆ ಬರೆದರೆ ವಿಷಯ ಅಲ್ಲಿಗೆ ಮುಗಿಯಿತು. ಎಚ್‌ಆರ್ ಮೇಡಂ ತಲೆಯಾಡಿಸಿದರು. ಪುಟ್ಟಸ್ವಾಮಿ ಸಾರ್ ಟೀ ಲೋಟದ ಕೆನೆಯನ್ನು ಬೆರಳಲ್ಲಿ ಪಕ್ಕಕ್ಕೆ ಸರಿಸುತ್ತಾ ಕೂತಿದ್ದರು. ಅವರು ಮಾತಾಡುತ್ತಾರೆ ಅಂತ ನಾನು ಕಾಯುತ್ತಲೇ ಇದ್ದೆ. ಆ ಲೋಟದ ಮೇಲಿನ ಅವರ ಬೆರಳು ನನಗೆ ಇವತ್ತಿಗೂ ಕಾಣುತ್ತದೆ.

"ಅವತ್ತು ಅದು ನನ್ನ ಪಾಳಿ ಸಾರ್" ಅಂದೆ.

ಮೂರ್ತಿ ಸಾರ್‌ಗೆ ಅರ್ಥವಾಗಲಿಲ್ಲ. ಕಸಬರಿಗೆ ಓಡಿಸುವುದು ಸಂಪ್ರದಾಯ, ಆ ವರ್ಷ ಹೇಳಿದ್ದು ನನ್ನ ಹೆಸರು, ನಾನು ಬಂದಿದ್ದರೆ ಇಲ್ಲಿ ಕಾಣುವುದು ನನ್ನ ಲಾಗಿನ್ ಅಂತ ಬಿಡಿಸಿ ಹೇಳಿದೆ.

"ಮತ್ತೆ ಯಾಕೆ ಬರ್ಲಿಲ್ಲ?"

ಕೋಣೆಯಲ್ಲಿ ಮೂವರು ಗಂಡಸರು. ನಮ್ಮ ಮನೆಯಲ್ಲಿ ಈ ಮಾತನ್ನು ಅಪ್ಪನ ಮುಂದೆ ಆಡಿದವಳಲ್ಲ ನಾನು. ಅಮ್ಮ ಕೂಡ ಕಾಗೆ ಮುಟ್ಟಿದೆ ಅಂತ ಹೇಳಿ ಮುಗಿಸುತ್ತಿದ್ದಳು.

"ಮುಟ್ಟಾಗಿದ್ದೆ ಸಾರ್. ಪೂಜೆ ಅಂತ ದೂರ ಉಳಿದೆ. ಅವ್ನ ಹೆಸ್ರು ಅಲ್ಲಿ ಇರೋದಕ್ಕೆ ಕಾರಣ ಅಷ್ಟೇ. ತೆಗೀಬೇಕು ಅಂದ್ರೆ ನನ್ನನ್ನೂ ತೆಗೀರಿ."

ಮೂರ್ತಿ ಸಾರ್ ಕಿಟಕಿಯ ಕಡೆ ನೋಡಿದರು. ಶರಣಪ್ಪ ನೆಲ ನೋಡಿದ. ನಾನು ತಲೆ ತಗ್ಗಿಸಲಿಲ್ಲ. ಆಗ ಪುಟ್ಟಸ್ವಾಮಿ ಸಾರ್ ಲೋಟವನ್ನು ಪಕ್ಕಕ್ಕೆ ಇಟ್ಟರು.

"ಕಸಬರಿಗೆ ನಂದು ಸಾರ್. ಗುಡ್ಸು ಅಂದಿದ್ದೂ ನಾನೇ. ಈ ಮಕ್ಳನ್ನ ಬಿಡಿ."

ಆಮೇಲಿನದು ಬೇಗ ಹೇಳಿ ಮುಗಿಸುವಂಥದ್ದು. ಗಿರಾಕಿಗೆ ನಡೆದದ್ದನ್ನೇ ಬರೆದರು. ನಾನೂ ಶರಣಪ್ಪನೂ ಕೂತು ಪ್ರತಿ ಫೈಲಿನ ಮೂಲವನ್ನು ಇಂಟರ್‌ನೆಟ್ಟಿನಲ್ಲಿ ಹುಡುಕಿ, ಅಳಿಸಿದ್ದ ಒಕ್ಕಣೆಗಳನ್ನು ಒಂದೊಂದಾಗಿ ವಾಪಸ್ ಅದರದರ ತಲೆಯ ಮೇಲೆ ಕೂರಿಸಿದೆವು. ಮೊದಮೊದಲು ಅವನು ನನ್ನ ಮುಖ ನೋಡುತ್ತಿರಲಿಲ್ಲ. ಅವನ ಸಲುವಾಗಿ ನಾನು ಆಡಿದ ಮಾತು ಅವನಿಗೆ ನನಗಿಂತ ಹೆಚ್ಚು ನಾಚಿಕೆ ತಂದಿತ್ತು. ಒಂದು ದಿನ ಊರಿನಿಂದ ಬಂದ ಶೇಂಗಾ ಹೋಳಿಗೆಯ ಗಂಟನ್ನು ನನ್ನ ಕೀಬೋರ್ಡಿನ ಮೇಲೆ ಇಟ್ಟುಹೋದ. ಅಲ್ಲಿಂದ ಮತ್ತೆ ಅಕ್ಕಾರ ಆದೆ. ಬಾರ್‌ಕೋಡಿನವನ ಒಕ್ಕಣೆಯನ್ನು ನಾನೇ ಕೂರಿಸಿದೆ. ಈ ಸಲ ಡಿಕ್ಷನರಿ ಬೇಕಾಗಲಿಲ್ಲ.

ಗಿರಾಕಿಯ ಉತ್ತರ ಬಂದಾಗ ಮೂರ್ತಿ ಸಾರ್ ಎರಡು ಸಲ ಓದಿದರು. ಅಷ್ಟು ಚಿಕ್ಕದು. ತಿಳಿಸಿದ್ದಕ್ಕೆ ವಂದನೆ, ಈ ಹೆಸರುಗಳೂ ಲೈಸೆನ್ಸುಗಳೂ ಯಂತ್ರದ ಮೆನುವಿನಲ್ಲಿ ಒಂದು ಪುಟವಾಗಿ ಕಾಣುವಂತೆ ಮಾಡಿ, ಕೇಳಿದವರಿಗೆ ನೀವು ಬದಲಾಯಿಸಿದ ಕೋಡ್ ಕೊಡಿ. ಬೇರೆ ಮಾತೇ ಇಲ್ಲ. ಆ ಪುಟವನ್ನು ನಾನೇ ಮಾಡಿ, ಇಲ್ಲಿಯ ಅಂಗಡಿಗಳಿಗೆ ಹೋಗುವ ಯಂತ್ರಗಳಿಗೂ ಹಾಕಿದೆ. ಆರ್ಡರ್ ಬಂತು. ಒಬ್ಬನ ಅನ್ನ ಕಿತ್ತುಕೊಳ್ಳಲು ಹೊರಟಿದ್ದೆವಲ್ಲ, ಕೇಳಿದವನಿಗೆ ಅದರ ಅಗತ್ಯವೇ ಇರಲಿಲ್ಲ. ಯಾರನ್ನಾದರೂ ತೆಗೆಯಿರಿ ಅಂತ ಅವನು ಕೇಳಿರಲೇ ಇಲ್ಲ.

ಆದರೆ ಕಂಪನಿಗೆ ಯಾರಾದರೊಬ್ಬರು ಬೇಕಿತ್ತು. ಪುಟ್ಟಸ್ವಾಮಿ ಸಾರ್ ಅವರನ್ನು ಮುಖ್ಯಸ್ಥನ ಜಾಗದಿಂದ ತೆಗೆದು ಕೆಳಗಿನ ರಿಪೇರಿ ವಿಭಾಗಕ್ಕೆ ಹಾಕಿದರು. ಕೆಟ್ಟು ವಾಪಸ್ ಬಂದ ಯಂತ್ರಗಳ ನಡುವೆ ಒಂದು ಸ್ಟೂಲು. ಮೆಟ್ಟಿಲು ಇಳಿಯುವಾಗ ಅವರು ಕಾಣುತ್ತಿದ್ದರು. ನಾನು ನಮಸ್ಕಾರ ಸಾರ್ ಅಂದರೆ ತಲೆಯಾಡಿಸುತ್ತಿದ್ದರು. ಮೇಲೆ ನನ್ನನ್ನು ಎದುರಿಗೆ ಹೊಗಳುತ್ತಿದ್ದವರೇ ಹಿಂದಿನಿಂದ, ಕೆಲಸ ಕೊಟ್ಟವರನ್ನೇ ಇಳಿಸಿದಳು ಅಂತ ಆಡಿಕೊಂಡರು. ಊಟಕ್ಕೆ ಕೂತರೆ ಪಕ್ಕದವರು ಡಬ್ಬಿ ಎತ್ತಿಕೊಂಡು ಇನ್ನೊಂದು ಕಡೆ ಹೋಗುತ್ತಿದ್ದರು. ಇಂಜಿನಿಯರ್ ಆದೆ ಅಂತ ಬೀಗುತ್ತಿದ್ದವಳಿಗೆ ಆ ದಿನಗಳಲ್ಲಿ ಬಸ್ಸಿನಲ್ಲಿ ಬೊಮ್ಮಸಂದ್ರ ಹತ್ತಿರ ಬಂದರೆ ಇಳಿಯದೆ ಮುಂದೆ ಹೋಗಿಬಿಡೋಣ ಅನ್ನಿಸುತ್ತಿತ್ತು.

ಅಷ್ಟರಲ್ಲಿ ಆಯುಧ ಪೂಜೆ ಬಂತು. ಬೆಳಗಾಗುತ್ತಲೇ ಅಪ್ಪ ಟ್ಯಾಂಕರ್ ತೊಳೆದು, ಚಕ್ರದ ಕೆಳಗೆ ನಿಂಬೆಹಣ್ಣು ಇಡುತ್ತಿದ್ದರು. ನನಗೆ ಆ ವರ್ಷವೂ ಅದೇ ದಿನಗಳು. ಅಮ್ಮನಿಗೆ ಗೊತ್ತಿತ್ತು. ನಾನು ಬ್ಯಾಗ್ ಹಾಕಿಕೊಂಡು ಹೊರಟಾಗ ಬಾಗಿಲಿಗೆ ಬಂದಳು. "ಅಲ್ಲಿ ಪೂಜೆ ಇಲ್ವಾ?" ಅಂದಳು. ಇದೆ ಅಂದೆ. ನನ್ನ ಮುಖವನ್ನೇ ನೋಡಿದಳು, ಆಮೇಲೆ ಒಳಗೆ ಹೋದಳು.

ಕಸಬರಿಗೆಯ ಸುದ್ದಿ ಆ ವರ್ಷ ಯಾರೂ ಎತ್ತಲಿಲ್ಲ. ಮೇಜು ಒರೆಸಿದೆವು, ಪರದೆಗಳಿಗೆ ಕುಂಕುಮ ಇಟ್ಟೆವು. ಗೇಟಿನ ಮುಂದೆ ಎಲ್ಲರೂ ಸೇರಿದರು. ಬೂದುಗುಂಬಳ ಒಡೆಯುವುದು ಪ್ರತಿವರ್ಷ ಪುಟ್ಟಸ್ವಾಮಿ ಸಾರ್ ಕೆಲಸ, ಅದನ್ನು ಮಾತ್ರ ಅವರ ಕೈಯಿಂದ ಯಾರೂ ಕಿತ್ತುಕೊಂಡಿರಲಿಲ್ಲ. ಒಡೆದರು. ಕುಂಕುಮದ ನೀರು ಮಳೆಯ ಹೊಂಡಕ್ಕೆ ಹರಿಯಿತು. ಪೂಜಾರಿಯಿಂದ ಮಂಗಳಾರತಿ ತಟ್ಟೆ ತೆಗೆದುಕೊಂಡು ಸಾರ್ ಸುತ್ತ ನೋಡಿ ನನ್ನ ಮುಂದೆ ಬಂದರು.

"ಹೋದ್ವರ್ಷ ನಿಂಗೆ ತಪ್ಪೋಯ್ತು. ಈ ಸಲ ನೀನೇ ಎತ್ತು."

ತಿಂಗಳಾದ ಮೇಲೆ ಅವರು ನನ್ನೊಂದಿಗೆ ಆಡಿದ ಮೊದಲ ಮಾತು. ಅವರಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ, "ಇವತ್ತೂ ಅದೇ ಸಾರ್" ಅಂದೆ. ತಟ್ಟೆ ಹಿಡಿದ ಕೈ ಅಲ್ಲೇ ನಿಂತಿತು. ಹಿಂದೆ ಸರಿಯಲಿಲ್ಲ, ಮುಂದೆಯೂ ಬರಲಿಲ್ಲ. ಮಳೆ ಗಾಳಿಗೆ ಕರ್ಪೂರ ಒಂದು ಕಡೆ ವಾಲಿತು.

"ತಗೋ ಬೇಗ" ಅಂದರು. "ಆರೋಗುತ್ತೆ."

ತೆಗೆದುಕೊಂಡೆ. ಯಂತ್ರಗಳಿಗೆಲ್ಲಾ ಎತ್ತಿದೆ. ನನ್ನ ಕೈಯಿಂದಲೇ ಎಲ್ಲರೂ ಕಣ್ಣಿಗೆ ಒತ್ತಿಕೊಂಡರು, ಮೂರ್ತಿ ಸಾರ್ ಕೂಡ. ಪುಟ್ಟಸ್ವಾಮಿ ಸಾರ್ ಕೊನೆಗೆ ಒತ್ತಿಕೊಂಡರು.

ದೀಪಾವಳಿಗೆ ಮೊದಲೇ ಅವರು ಕೆಲಸ ಬಿಟ್ಟರು. ಕೊನೆಯ ದಿನ ನಾನು ಕೆಳಗೆ ಹೋಗಿ ನಿಂತೆ. ಸ್ಕ್ರೂಡ್ರೈವರುಗಳನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದರು.

"ನೀನು ಮಾಡಿದ್ದು ಸರಿನೇ ಕಣಮ್ಮ" ಅಂದರು. "ಆದ್ರೆ ಅವತ್ತು ಇನ್ನೊಂದ್ ದಿನ ಬಿಟ್ಟಿದ್ರೆ ನಾನೇ ಹೇಳ್ತಿದ್ದೆ."

ಹೇಳುತ್ತಿದ್ದರೋ ಇಲ್ಲವೋ, ಅವರ ಮುಖ ನೋಡಿದರೆ ಅವರಿಗೂ ಗೊತ್ತಿದ್ದಂತೆ ಕಾಣಲಿಲ್ಲ. ಗಾಜಿನ ಕೋಣೆಯಲ್ಲಿ ನಾನು ಬಾಯಿ ಬಿಡುವ ತನಕ ಲೋಟದ ಕೆನೆ ಸರಿಸುತ್ತಾ ಕೂತಿದ್ದವರೂ ಅವರೇ, ಗುಡಿಸು ಅಂದಿದ್ದು ನಾನೇ ಅಂದವರೂ ಅವರೇ. ಒಂದು ದಿನ ಕೊಟ್ಟಿದ್ದರೆ ಇವೆರಡರಲ್ಲಿ ಯಾರು ಬರುತ್ತಿದ್ದರು ಅಂತ ನನಗೆ ಇವತ್ತಿಗೂ ಬಗೆಹರಿದಿಲ್ಲ. ಆಮೇಲೆ ಅವರನ್ನು ನಾನು ನೋಡಲಿಲ್ಲ. ಶರಣಪ್ಪ ಕಾಯಂ ಆದ. ಈಗ ಬೇರೆ ಕಡೆ ದೊಡ್ಡ ಕೆಲಸದಲ್ಲಿದ್ದಾನೆ. ತನ್ನ ಕೈ ಕೆಳಗಿನವರಿಗೆ ಯಾವುದನ್ನೂ ಮೇಲಿನ ಟಿಪ್ಪಣಿ ಓದದೆ ಮುಟ್ಟಬೇಡಿ ಅನ್ನುತ್ತಾನಂತೆ.

ಆನೇಕಲ್ಲಿನ ಅಂಗಡಿಯಲ್ಲಿ ಆ ಹುಡುಗಿ ಇನ್ನೂ ಗುಂಡಿಗಳ ಮೇಲೆ ಬೆರಳಾಡಿಸುತ್ತಿದ್ದಳು. ಪುಟ ಮುಚ್ಚುವುದು ಹೇಗೆ ಅಂತ ನನಗೆ ಗೊತ್ತು. ಪರದೆಯ ಮೇಲೆ ಬಾರ್‌ಕೋಡಿನವನ ಹೆಸರಿತ್ತು, ಕೆಳಗೆ ಅವನ ಒಕ್ಕಣೆ. ಅದರ ಕೆಳಗೆ ಇನ್ನೊಬ್ಬರು, ಮತ್ತೊಬ್ಬರು. ಅದು ಬರೆದು ಕೊಟ್ಟವರ ಪುಟ. ನಮ್ಮವರದು ಯಾರದೂ ಅಲ್ಲಿಲ್ಲ, ಇರುವ ಹಾಗೂ ಇಲ್ಲ. ಹಿಂದಿನವರು ಮತ್ತೆ ಗೊಣಗಿದರು.

"ಒಂದ್ ನಿಮಿಷ ಇರಮ್ಮ" ಅಂದೆ.

ಅವಳು ಹಿಂದಿನವರಿಗೆ, "ಇರಿ ಅಣ್ಣ, ಅಕ್ಕ ನೋಡ್ತಾವ್ರೆ" ಅಂದು ಯಂತ್ರದಿಂದ ಕೈ ತೆಗೆದಳು. ನಾನು ಕೊನೆಯ ಹೆಸರಿನವರೆಗೂ ಓದಿದೆ. ಆಮೇಲೆ ಯಾವ ಗುಂಡಿ ಅಂತ ತೋರಿಸಿದೆ. ಪುಟ ಹೋಗಿ, ಹೂವಿನ ತೂಕ ಬಂತು.